ನಾಲ್ಕನೆಯ ಸಿಲಿಂಡರಿನ ಬಿಕ್ಕಳಿಕೆ

ಭಾವ ದುರಹಂಕಾರಿ. ತನ್ನ ಗ್ಯಾರೇಜಿನಲ್ಲಿ ಯಾವ ಗಾಡಿ ಕೈಕೊಟ್ಟರೂ ತಪ್ಪು ಇನ್ನೊಬ್ಬರದೇ. ಸಾಲದ್ದಕ್ಕೆ ಅಚ್ಚುಕಟ್ಟಿನ ಹುಚ್ಚು ಬೇರೆ: ಗ್ರೀಸ್ ಒರೆಸುವ ಬಟ್ಟೆಯನ್ನೂ ಮಡಿಸಿಯೇ ಇಡಬೇಕು. ಇಷ್ಟು ವರ್ಷವಾದರೂ ತನ್ನನ್ನು ಮಾತ್ರ ಮಡಿಸಿಡಲು ಅವನಿಂದಾಗಲಿಲ್ಲ ಎಂದು ಹೆಂಡತಿ ನಗುತ್ತಿದ್ದಳು. ಅವಳ ತಂಗಿ ಅವನ ಕೈಕೆಳಗೇ ಮೆಕ್ಯಾನಿಕ್ ಕೆಲಸ ಕಲಿತವಳು.

ಹಲ್ಲಿನ ಡಾಕ್ಟರ ಹಳೆಯ ಕಾರಿನ ಕಿಡಿ ಹಾರಿಸುವ ಪ್ಲಗ್ಗುಗಳಿಗೆ ಹೊಸ ವೈರುಗಳನ್ನು ಹಾಕಿದ್ದು ಈ ನಾದಿನಿಯೇ. ಮರುದಿನವೇ ಕಾರು ಬಿಕ್ಕಳಿಸುತ್ತ ವಾಪಸು ಬಂತು. ಭಾವ ಬಾನೆಟ್ಟನ್ನೂ ಎತ್ತದೆ ತೀರ್ಪು ಕೊಟ್ಟ: ಇವಳು ವೈರುಗಳನ್ನು ಅದಲುಬದಲು ಮಾಡಿದ್ದಾಳೆ, ಡಾಕ್ಟರು ಬರುವಷ್ಟರಲ್ಲಿ ಸರಿಯಾಗದಿದ್ದರೆ ನಾಳೆಯಿಂದ ಮನೆಯಲ್ಲೇ ಕೂರಲಿ. ಅವಳಿಗೆ ಈ ಕೆಲಸವೇ ಜೀವ.

ಎಂಜಿನ್ ಓಡುತ್ತಿದ್ದಂತೆಯೇ ಅವಳು ಇಕ್ಕಳ ಹಿಡಿದು ಒಂದೊಂದೇ ಪ್ಲಗ್ಗಿನ ವೈರು ಕಳಚಿ ನೋಡಿದಳು. ಮೊದಲ ಮೂರಕ್ಕೂ ಎಂಜಿನ್ ಸೊರಗಿತು. ನಾಲ್ಕನೆಯದನ್ನು ಕಳಚಿದರೆ ಕ್ಯಾರೇ ಎನ್ನಲಿಲ್ಲ. ಆ ಸಿಲಿಂಡರು ಮೊದಲೇ ಕೆಲಸ ಮಾಡುತ್ತಿರಲಿಲ್ಲ, ಕಳ್ಳ ಸಿಕ್ಕಿದ್ದ! ಪ್ಲಗ್ ಬದಲಿಸಿದಳು. ಬಿಕ್ಕಳಿಕೆ ನಿಲ್ಲಲಿಲ್ಲ.

ಇನ್ನು ವೈರುಗಳ ಕ್ರಮ ನೋಡೋಣವೆಂದರೆ, ಅವುಗಳನ್ನು ಜಡೆಯಂತೆ ಒಟ್ಟಿಗೆ ಬಿಗಿಯಲಾಗಿತ್ತು. ಪ್ಲಾಸ್ಟಿಕ್ ಪಟ್ಟಿಗಳನ್ನು ಕಟರಿನಿಂದ ಕತ್ತರಿಸಿ ಬಿಡಿಸಿದಳು. ಕ್ರಮವೇನೋ ಸರಿಯಾಗಿಯೇ ಇತ್ತು. ಮತ್ತೆ ಸ್ಟಾರ್ಟ್ ಮಾಡಿದಳು. ಎಂಜಿನ್ ಹೊಲಿಗೆ ಯಂತ್ರದಂತೆ ಒಂದೇ ಸಮನೆ ಓಡಿತು.

ಅವಳು ಮತ್ತೆ ವೈರುಗಳ ಮೇಲೆ ಬಗ್ಗಿದಳು. ತಾನು ಏನನ್ನೂ ಸರಿಪಡಿಸಿರಲೇ ಇಲ್ಲವಲ್ಲ! ಒಣಗಿದ ಮರದ ಕೋಲಿನಿಂದ ಮೂರನೆಯ, ನಾಲ್ಕನೆಯ ವೈರುಗಳನ್ನು ಒತ್ತಿ ಹಿಡಿದಳು. ಬಿಕ್ಕಳಿಕೆ. ಬಿಟ್ಟಳು, ಹೋಯಿತು. ಒತ್ತಿದಳು, ಬಂತು. ಆ ಎಂಜಿನ್ನಿನಲ್ಲಿ ಮೂರನೆಯ ಸಿಲಿಂಡರಿನ ಬೆನ್ನಿಗೇ ನಾಲ್ಕನೆಯದರಲ್ಲಿ ಕಿಡಿ ಹಾರುವ ಸರದಿ. ವೈರುಗಳು ಮೈಗೆ ಮೈ ತಾಗಿಸಿ ಮಲಗಿದ್ದರಿಂದ ಮೂರರ ವಿದ್ಯುತ್ತು ನಾಲ್ಕಕ್ಕೂ ನುಸುಳಿ, ಹೊತ್ತಿಗೆ ಮುಂಚೆಯೇ ಕಿಡಿ ಹಾರಿಸುತ್ತಿತ್ತು. ಹೊಸ ವೈರು ಹಾಕಿದಾಗ ಅವಳು ಅವನ್ನು ಬಿಡಿಬಿಡಿಯಾಗಿಯೇ ಬಿಟ್ಟಿದ್ದಳು. ನೋಡಲು ಚೆನ್ನಾಗಿಲ್ಲವೆಂದು ಆಮೇಲೆ ಕಟ್ಟಿದವನು ಭಾವ.

"ಭಾವ, ಬನ್ನಿ ಇಲ್ಲಿ. ಈ ಕೋಲು ನೀವೇ ಹಿಡ್ಕೊಳ್ಳಿ."

"ಏನೇ, ನನಗೇ ಪಾಠ ಹೇಳ್ತೀಯಾ?"

ಆದರೂ ಹಿಡಿದ. ಒತ್ತಿದ, ಬಿಟ್ಟ. ಮತ್ತೆ ಒತ್ತಿದ. ಕೋಲು ಕೆಳಗಿಟ್ಟ.

ಅಷ್ಟರಲ್ಲಿ ಡಾಕ್ಟರು ಬಂದರು. ಎಂಜಿನ್ನಿಗೆ ಕಿವಿಗೊಟ್ಟು ಮುಖ ಅರಳಿಸಿದರು.

"ಅಂತೂ ಹಲ್ಲುನೋವು ಹೋಯ್ತು. ಯಾರದಪ್ಪಾ ತಪ್ಪು?"

ಭಾವನ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಕೈ ಒರೆಸಿಕೊಳ್ಳುತ್ತ ಕಾದಳು. ಆದರೆ ಅವನು ಅವಳ ಪಕ್ಕದಲ್ಲಿದ್ದ ಕಟರ್ ತೆಗೆದುಕೊಂಡು, ತಾನೇ ಬೆಳಿಗ್ಗೆ ರಿಪೇರಿ ಮುಗಿಸಿ ಮೂಲೆಯಲ್ಲಿ ನಿಲ್ಲಿಸಿದ್ದ ಇನ್ನೊಂದು ಕಾರಿನತ್ತ ನಡೆದ. ಬಾನೆಟ್ ಎತ್ತಿ, ಡಾಕ್ಟರ ಕಣ್ಣೆದುರಿಗೇ, ವೈರುಗಳಿಗೆ ತನ್ನ ಕೈಯಾರೆ ಬಿಗಿದ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸತೊಡಗಿದ.