ಸೌತ್ ಸಿ ಮನೆಯ ಸೋಲಾರಿಗೆ ತೆರಿಗೆ ವಿನಾಯಿತಿ ಪಡೆದದ್ದು

ನೈರೋಬಿಗೆ ಬಂದ ಮೊದಲ ಬೆಳಿಗ್ಗೆಯೇ ನನಗೆ ಸ್ನಾನದ ಮನೆಯಲ್ಲಿ ಕರೆಂಟು ಹೊಡೆಯಿತು. ಜೀವಕ್ಕೆ ಅಪಾಯವಾಗುವಷ್ಟೇನಲ್ಲ. ನಲ್ಲಿ ತಿರುಗಿಸಲು ಹೋದ ಬೆರಳಿನಿಂದ ಮೊಣಕೈವರೆಗೆ ಜುಮ್ಮೆಂದಿತು, ಅಷ್ಟೆ. ಗಾಬರಿಯಿಂದ ಟವೆಲ್ ಸುತ್ತಿಕೊಂಡು ಹೊರಗೆ ಬಂದರೆ, ನನಗಿಂತ ಮೊದಲೇ ಈ ಊರಿಗೆ ಬಂದಿದ್ದ ನನ್ನ ಗಂಡ ಗಿರೀಶ್ ನಿಂತಲ್ಲೇ ಕಾಫಿ ಕುಡಿಯುತ್ತಿದ್ದರು.

"ಓ, ಹೇಳೋದು ಮರ್ತೆ. ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಬೇಕು ಶುಭಾ. ನಮ್ಮ ಆಫೀಸಲ್ಲೂ ತುಂಬಾ ಜನ ಹಂಗೇ ಮಾಡ್ತಾರಂತೆ."

ಇಲ್ಲಿ ನೀರು ಕಾಯಿಸಲು ಗೀಸರ್ ಇರಲಿಲ್ಲ. ತಲೆಯ ಮೇಲಿನ ಶವರ್‌ನೊಳಗೇ ಒಂದು ಕಾಯಿಲ್ ಕೂತಿತ್ತು. ಅದರ ಮೂಲಕ ಹರಿದು ಬರುವಷ್ಟರಲ್ಲಿ ನೀರು ಬಿಸಿಯಾಗಬೇಕು. ಬಾಗಿಲ ಹೊರಗೆ ಅಂಗೈಯಗಲದ ಸ್ವಿಚ್ಚು, ಅದಕ್ಕೊಂದು ಕೆಂಪು ದೀಪ. ಮೈಸೂರಿನಲ್ಲಿ ನಾನು ಹುಟ್ಟಿ ಬೆಳೆದ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿದರೆ ಕಣ್ಣಿಗೆ ಬೀಳುವುದೇ ಸೋಲಾರ್ ಟ್ಯಾಂಕುಗಳು. ಸೋಲಾರ್ ಹಾಕಿಸಿದರೆ ಕರೆಂಟು ಬಿಲ್ಲಿನಲ್ಲಿ ಸ್ವಲ್ಪ ಮುರಿದುಕೊಳ್ಳುವ ಪದ್ಧತಿಯೂ ಅಲ್ಲಿದೆ. ಭೂಮಧ್ಯರೇಖೆಯ ಪಕ್ಕದಲ್ಲೇ ಕೂತಿರುವ ಈ ಊರಿನಲ್ಲಿ, ಇಷ್ಟೊಂದು ಸೂರ್ಯನನ್ನು ಹೊರಗೆ ಬಿಟ್ಟು, ನಾನು ರಬ್ಬರ್ ಚಪ್ಪಲಿಯಲ್ಲಿ ನಿಂತು ಮೀಯುವುದು ನನಗೆ ವಿಚಿತ್ರವಾಗಿ ಕಂಡಿತು.

ಆ ಫ್ಲಾಟು ಇದ್ದದ್ದು ಲ್ಯಾವಿಂಗ್ಟನ್‌ನಲ್ಲಿ, ಕಂಪನಿಯವರು ಕೊಟ್ಟದ್ದು. ಸುತ್ತ ಎತ್ತರದ ಗೋಡೆ, ಗೇಟಿನಲ್ಲಿ ಕಾವಲು, ಒಳಗೆ ಹಕ್ಕಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಗಂಡ ಆಫೀಸಿಗೆ, ಮಗಳು ನಿಧಿ ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಮೈಸೂರಿನಲ್ಲಿ ನಾನು ಸಿಎ ಮುಗಿಸಿ ಆಡಿಟರ್ ಆಫೀಸೊಂದರಲ್ಲಿ ದುಡಿದವಳು. ಜುಲೈ ಬಂದರೆ ಊಟಕ್ಕೂ ಬಿಡುವಿಲ್ಲದೆ ಜನರ ತೆರಿಗೆ ಲೆಕ್ಕ ನೋಡಿದವಳು. ಇಲ್ಲಿ ನನ್ನ ಪಾಸ್‌ಪೋರ್ಟಿನಲ್ಲಿ ಒತ್ತಿದ್ದ ಮುದ್ರೆಯ ಅರ್ಥ ಒಂದೇ: ಅವಲಂಬಿತೆ. ಕೆಲಸ ಮಾಡುವಂತಿಲ್ಲ. ಗಿರೀಶರ ಆಫೀಸಿನ ಪಾರ್ಟಿಗಳಲ್ಲಿ ಯಾರಾದರೂ "ನೀವೇನು ಮಾಡ್ತೀರಿ?" ಎಂದು ಕೇಳಿದರೆ ನಾನು ತಟ್ಟೆ ತುಂಬಿಸಿಕೊಳ್ಳುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಕಂಪನಿಯ ಅವಧಿ ಮುಗಿದಾಗ ಗಿರೀಶ್ ಇಲ್ಲಿಯದೇ ಒಂದು ಸಂಸ್ಥೆಗೆ ಸೇರಿಕೊಂಡರು. ನಿಧಿಗೂ ಈ ಊರು ಬಿಡುವ ಮನಸ್ಸಿರಲಿಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಅವಳು "ಅಮ್ಮಾ, ಐ ಲಿವ್ ಹಿಯರ್" ಎಂದಳು. ಸಾಲ ಮಾಡಿ ಸೌತ್ ಸಿ ಬಡಾವಣೆಯಲ್ಲಿ ಹಳೆಯದೊಂದು ಮೇಸನೆಟ್ ಕೊಂಡೆವು. ಎರಡಂತಸ್ತಿನ ಸಣ್ಣ ಮನೆಗೆ ಇಲ್ಲಿ ಹಾಗೆನ್ನುತ್ತಾರೆ. ಒಂದೇ ಗೇಟಿನೊಳಗೆ ಸಾಲಾಗಿ ಕಟ್ಟಿದ ಇಂಥ ಮನೆಗಳ ಗುಂಪಿಗೆ ಕೋರ್ಟ್ ಎಂದು ಹೆಸರು. "ನಮ್ಮ ಕೋರ್ಟಿನಲ್ಲಿ" ಎಂದು ನಾನು ಫೋನಿನಲ್ಲಿ ಅಂದಾಗ ಮೈಸೂರಿನ ಅಕ್ಕ ಗಾಬರಿಯಾಗಿ, ಯಾರ ಮೇಲೆ ಕೇಸು ಎಂದು ಕೇಳಿದ್ದಳು.

ಪಕ್ಕದ ಮನೆಯವರು ಮಾಮಾ ಸಲೀಮ್. ನಿವೃತ್ತ ಶಾಲಾ ಶಿಕ್ಷಕಿ, ಗಟ್ಟಿ ದನಿಯವರು. ಇಲ್ಲಿ ಹೆಂಗಸನ್ನು ಅವಳ ಮೊದಲ ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ಮಾಮಾ ಎಂದರೆ ತಾಯಿ. ನಾವು ಸಾಮಾನು ಇಳಿಸುತ್ತಿದ್ದಾಗಲೇ ಅವರು ಬಂದು ಮಗಳ ಹೆಸರು ಕೇಳಿ, ಅಂದಿನಿಂದ ನನ್ನನ್ನು "ಮಾಮಾ ನಿಧಿ" ಮಾಡಿಬಿಟ್ಟರು. ನಮ್ಮಲ್ಲಿ ಮಾಮ ಎಂದರೆ ತಾಯಿಯ ಸೋದರ ಎಂದು ಹೇಳಿದ್ದಕ್ಕೆ ಬಹಳ ಹೊತ್ತು ನಕ್ಕರು. ಅವರ ಇಂಗ್ಲಿಷ್ ಮಾತಿನ ನಡುವೆ ಸ್ವಾಹಿಲಿ ಬಂದು ಹೋಗುತ್ತಿತ್ತು. ನಾನು ಸ್ವಾಹಿಲಿ ಕಲಿತದ್ದು ಅವರ ಅಡುಗೆಮನೆಯ ಬಾಗಿಲಲ್ಲಿ.

ಆ ಮನೆಯ ಮೊದಲ ಜುಲೈ ನಮ್ಮನ್ನು ನಡುಗಿಸಿತು. ಆಫ್ರಿಕವೆಂದರೆ ಸೆಕೆ ಎಂದುಕೊಂಡ ನಮ್ಮೂರಿನವರು ಒಮ್ಮೆ ಬಂದು ನೋಡಬೇಕು. ದಿನವಿಡೀ ಬೂದುಬಣ್ಣದ ಆಕಾಶ, ಒಳಗೆ ಹೊರಗೆ ಒಂದೇ ಚಳಿ. ಹಳೆಯ ಗಾಜಿನ ಪಟ್ಟಿಗಳ ಕಿಟಕಿಗಳು ಎಷ್ಟು ಎಳೆದರೂ ಮುಚ್ಚಿಕೊಳ್ಳುತ್ತಿರಲಿಲ್ಲ. ಮುಂಗಡ ಕೊಟ್ಟು ಮೀಟರಿಗೆ ತುಂಬಿಸುವ ಕರೆಂಟು ಹೀಟರಿಗೂ ಶವರಿಗೂ ಸೋರಿಹೋಗುತ್ತಿತ್ತು. ನಿಧಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಅವಳಿಗೂ ಆ ಶವರ್ ಹೊಡೆಯಿತು. "ಇಟ್ಸ್ ಫೈನ್ ಅಮ್ಮಾ" ಎಂದು ಅವಳು ಕೈ ಕೊಡವಿಕೊಂಡು ಹೋದಳು. ನನಗೆ ಮಾತ್ರ ಸಾಕೆನಿಸಿತು.

ಬ್ಯಾಂಕಿನಿಂದ ಇನ್ನೊಂದು ಸಾಲ ತೆಗೆದೆವು. ಸೂರಿನ ಮೇಲೆ ಸೋಲಾರ್ ಟ್ಯಾಂಕು ಕೂತಿತು, ಗೋಡೆ ಕೊರೆದು ಪೈಪು ಇಳಿಯಿತು, ಕಿಟಕಿಗಳೆಲ್ಲ ಬದಲಾದವು, ಹೆಂಚಿನ ಕೆಳಗೆ ಚಳಿ ತಡೆಯುವ ಹೊದಿಕೆ ಬಂತು. ಮೋಡದ ದಿನಗಳಲ್ಲಿ ನೀರು ಉಗುರುಬೆಚ್ಚಗಷ್ಟೇ ಇರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಉಳಿದ ದಿನ ಕೈ ಸುಡುವಷ್ಟು ಕಾದಿರುತ್ತದೆ. ನಿಧಿಯ ಕೆಮ್ಮು ನಿಂತಿತು.

ಇಲ್ಲಿ ತೆರಿಗೆ ವಿವರ ಸಲ್ಲಿಸಲು ಜೂನ್ ಕೊನೆಯೇ ಗಡುವು. ಗಿರೀಶರದನ್ನು ನಾನೇ ತುಂಬುತ್ತಿದ್ದೆ, ಹಳೆಯ ಕೈ ಸುಮ್ಮನಿರಲಾರದೆ. ಆ ಸಲ ಕಾನೂನನ್ನು ಸಾಲು ಸಾಲಾಗಿ ಓದಿದೆ. ವಾಸದ ಮನೆಯನ್ನು ಕೊಳ್ಳಲು ಅಥವಾ ಉತ್ತಮಪಡಿಸಲು ಬ್ಯಾಂಕಿನಿಂದ ತಂದ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಉಂಟು. ಕೊಂಡದ್ದಕ್ಕೆ ಎಲ್ಲರೂ ಪಡೆಯುತ್ತಿದ್ದರು. "ಅಥವಾ ಉತ್ತಮಪಡಿಸಲು" ಎಂಬಲ್ಲಿ ನನ್ನ ಕಣ್ಣು ನಿಂತಿತು. ಎರಡನೆಯ ಸಾಲದ ಬಡ್ಡಿಯನ್ನೂ ಸೇರಿಸಿ ಕಳಿಸಿದೆ.

ಕೆಲವು ವಾರಗಳಲ್ಲಿ ತೆರಿಗೆ ಕಚೇರಿಯಿಂದ ಪ್ರಶ್ನೆ ಬಂತು. ಬ್ಯಾಂಕು ಕೊಟ್ಟ ಪ್ರಮಾಣಪತ್ರದಲ್ಲಿ ಅದು ವೈಯಕ್ತಿಕ ಸಾಲ ಎಂದಿದೆ, ಮನೆಗಾಗಿ ಎಂದು ಹೇಗೆ ನಂಬುವುದು, ಬಂದು ವಿವರಿಸಿ ಎಂದು.

"ತೆಗೆದುಬಿಡು ಶುಭಾ," ಗಿರೀಶ್ ಅಂದರು. "ಪರದೇಶ. ಟ್ಯಾಕ್ಸ್ ಆಫೀಸಿನವರ ಜೊತೆ ಯಾಕೆ ಬೇಕು? ನಾಳೆ ನನ್ನ ಪರ್ಮಿಟ್ ರಿನ್ಯೂ ಆಗಬೇಕು."

"ಸುಳ್ಳು ಬರೆದಿದ್ರೆ ತೆಗೀತಿದ್ದೆ ರೀ. ಈಗ ತೆಗೆದ್ರೆ ಸುಳ್ಳು ಬರೆದ ಹಂಗಾಗತ್ತೆ."

ಅವರು ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅರ್ಧ ದಿನ ರಜೆ ಕೇಳುತ್ತೇನೆ ಎಂದರು.

ಮೊದಲು ಬ್ಯಾಂಕಿಗೆ ಹೋದೆ. ಕಂಪ್ಯೂಟರ್ ಮುದ್ರಿಸುವುದೇ ಹಾಗೆ, ನಾವೇನೂ ಮಾಡುವಂತಿಲ್ಲ ಎಂದು ಕೌಂಟರಿನವನು ನಕ್ಕ. "ಪೋಲೆ, ಮಾಮಾ" ಎಂದ. ಪೋಲೆ ಎಂದರೆ ನಿಮ್ಮ ಕಷ್ಟಕ್ಕೆ ನನ್ನ ಮರುಕವಿದೆ ಎಂದು. ಮರುಕ ಇಟ್ಟುಕೊಂಡು ಏನು ಮಾಡಲಿ? ಎರಡನೆಯ ಸಲ ಮಾಮಾ ಸಲೀಮ್ ನನ್ನ ಜೊತೆ ಬಂದರು. ಕುರ್ಚಿ ಎಳೆದುಕೊಂಡು ಕೂತು, ತರಗತಿಗೆ ಕೇಳಿಸುವ ದನಿಯಲ್ಲಿ, "ಸಾಲ ಕೊಡೋ ಮುಂಚೆ ನಿಮ್ಮವರು ಇವರ ಮನೆ ಸೂರು ಹತ್ತಿ ನೋಡಿದ್ರು. ನಮ್ಮನೆ ಏಣಿ ತಗೊಂಡೇ ಹತ್ತಿದ್ದು. ಈಗ ಯಾವುದಕ್ಕೆ ಸಾಲ ಅಂತ ಗೊತ್ತಿಲ್ವಾ?" ಎಂದು ಕೇಳಿದರು. ಇಡೀ ಶಾಖೆ ತಿರುಗಿ ನೋಡಿತು. ಮ್ಯಾನೇಜರ್ ಹೊರಗೆ ಬಂದು, ಆ ಸಾಲ ಮನೆಯ ಸುಧಾರಣೆಗಾಗಿಯೇ ಕೊಟ್ಟದ್ದು ಎಂದು ಬರೆದು ಸಹಿ ಹಾಕಿ ಕೊಟ್ಟರು.

ತೆರಿಗೆ ಕಚೇರಿಯಲ್ಲಿ ನಮ್ಮೆದುರು ಕೂತದ್ದು ನನ್ನದೇ ವಯಸ್ಸಿನ ಹೆಂಗಸು. ಭುಜಕ್ಕೆ ಶಾಲು, ಮಾತಿನಲ್ಲಿ ಬಿಗುವಿಲ್ಲ, ಆದರೆ ಬಿಟ್ಟುಕೊಡುವ ಜಾತಿಯಲ್ಲ. ಬ್ಯಾಂಕಿನ ಪತ್ರ ಓದಿ ಪಕ್ಕಕ್ಕಿಟ್ಟರು.

"ಸಾಲ ಮನೆಗೇ ಅಂತ ಒಪ್ಪಿದೆ. ಆದ್ರೆ ನೀರು ಕಾಯಿಸೋದು ಒಂದು ಸಾಮಾನು. ನಾಳೆ ಒಬ್ಬರು ಫ್ರಿಜ್ಜಿಗೂ ಕೇಳ್ತಾರೆ."

ಗಿರೀಶ್ ಬಾಯಿ ತೆರೆಯುವ ಮೊದಲೇ ನಾನು ಮಾತಾಡಿದೆ. "ಮನೆ ಬಿಡುವಾಗ ಫ್ರಿಜ್ ಹೊತ್ಕೊಂಡು ಹೋಗ್ತೀವಿ ಮೇಡಂ. ಇದನ್ನ ಹೊತ್ಕೊಂಡು ಹೋಗೋಕೆ ಸೂರು ಬಿಚ್ಚಬೇಕು, ಗೋಡೆ ಒಡೀಬೇಕು." ಫೋನಿನಲ್ಲಿ ಚಿತ್ರಗಳನ್ನು ತೋರಿಸಿದೆ: ಮೊಳೆ ಹೊಡೆದ ಚೌಕಟ್ಟು, ಗೋಡೆಯೊಳಗಿಂದ ಹೋದ ಪೈಪು, ಹೊಸ ಕಿಟಕಿಗಳು. "ಕಿಟಕಿಯನ್ನ ಯಾರಾದ್ರೂ ಸಾಮಾನು ಅಂತಾರಾ? ನಾಳೆ ಈ ಮನೆ ಮಾರಿದ್ರೆ ಇವೆಲ್ಲ ಮನೆ ಜೊತೇನೇ ಹೋಗತ್ತೆ. ಕಾನೂನಿನಲ್ಲಿ ಉತ್ತಮಪಡಿಸಲು ಅಂತಿದೆ. ಇದು ಅಲ್ಲದಿದ್ರೆ ಆ ಪದ ಯಾವುದಕ್ಕೆ, ನೀವೇ ಹೇಳಿ."

ಅವರು ಚಿತ್ರಗಳನ್ನು ಮತ್ತೆ ಮೊದಲಿನಿಂದ ನೋಡಿಕೊಂಡು ಬಂದರು. ಎದ್ದು ಒಳಗಿನ ಕೋಣೆಗೆ ಹೋದರು. ಗಿರೀಶ್ ಮೇಜಿನ ಮೇಲಿನ ಕಾಗದಗಳನ್ನು ಮತ್ತೆ ಮತ್ತೆ ಜೋಡಿಸಿದರು. ನನಗೆ ಮಾತ್ರ ಭಯವಾಗಲಿಲ್ಲ. ಎಷ್ಟೋ ವರ್ಷಗಳ ನಂತರ ನನಗೆ ಬರುವ ಕೆಲಸವನ್ನು ನಾನು ಮಾಡುತ್ತಿದ್ದೆ.

ಅಧಿಕಾರಿ ವಾಪಸು ಬಂದು ಕೂತರು. ಮೊದಲ ಬಾರಿಗೆ ನಕ್ಕು, ಸ್ವಾಹಿಲಿಯಲ್ಲಿ ಕೇಳಿದರು: "ವೇವೆ ನಿ ಮ್ಹಸಿಬು?"

ಮ್ಹಸಿಬು ಎಂದರೆ ಲೆಕ್ಕಪತ್ರ ನೋಡುವವರು. ನೀವು ಅದೇನಾ ಎಂದು ಅವರ ಪ್ರಶ್ನೆ.

"ನ್ದಿಯೊ," ಎಂದೆ. ಹೌದು.

ಪಕ್ಕದಲ್ಲಿ ಗಿರೀಶ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಒಂದು ಶನಿವಾರ ನಾನು ಈರುಳ್ಳಿ ಹೆಚ್ಚುತ್ತಿದ್ದಾಗ ಗಿರೀಶ್ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದರು. ತೆರಿಗೆ ಕಚೇರಿಯವರು ವಿನಾಯಿತಿ ಒಪ್ಪಿದ್ದರು. ಹೆಚ್ಚಾಗಿ ಕಟ್ಟಿದ ತೆರಿಗೆ ನಮ್ಮ ಲೆಕ್ಕಕ್ಕೆ ಜಮೆಯಾಗಿತ್ತು.

"ನಾನು ತೆಗೆದುಬಿಡು ಅಂದಿದ್ದೆ," ಅಂದರು.

"ಅಂದಿದ್ರಿ."

"ಕೊಡಿಲ್ಲಿ ಚಾಕು. ಇವತ್ತಿನ ಅಡುಗೆ ನಂದು."

ಅಂದಿನ ಹುಳಿಗೆ ಉಪ್ಪು ಜಾಸ್ತಿಯಾಗಿತ್ತು. ಮೂವರೂ ಎರಡೆರಡು ಸಲ ಹಾಕಿಸಿಕೊಂಡೆವು.

ಕಾಂಪೌಂಡಿನಾಚೆಯಿಂದ ಸುದ್ದಿ ಕೇಳಿದ ಮಾಮಾ ಸಲೀಮ್ "ಹೊಂಗೆರಾ, ಮಾಮಾ ನಿಧಿ" ಎಂದು ಅಭಿನಂದಿಸಿ, ಕೋರ್ಟಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಅವರ ಮನೆಯ ಮೇಲೂ ಟ್ಯಾಂಕು ಬಂತು, ಎದುರು ಮನೆಯ ಮೇಲೂ. ಮರುವರ್ಷ ಜೂನ್‌ನಲ್ಲಿ ನಮ್ಮ ಊಟದ ಮೇಜಿನ ಸುತ್ತ ಜನವೋ ಜನ. ದುಡ್ಡು ಮುಟ್ಟಲು ನನಗೆ ಪರವಾನಗಿ ಇರಲಿಲ್ಲ, ಆದ್ದರಿಂದ ಅವರು ಮಾವಿನಹಣ್ಣು ತಂದರು, ಮಂದಾಜಿ ತಂದರು. ಅದು ಏಲಕ್ಕಿ ಹಾಕಿ ಕರಿದ, ಸ್ವಲ್ಪ ಸಿಹಿಯಾದ ಬನ್ನು. ನಮ್ಮ ಮಂಗಳೂರು ಬನ್ಸಿನ ದೂರದ ನೆಂಟ. "ಇಷ್ಟೆಲ್ಲ ಗೊತ್ತಿದ್ದು ಮನೇಲಿ ಯಾಕೆ ಕೂತಿದ್ದೀಯ? ಇಲ್ಲಿನ ಲೆಕ್ಕಿಗರ ಪರೀಕ್ಷೆ ಬರಿ," ಎಂದು ಮಾಮಾ ಸಲೀಮ್ ಬೆನ್ನು ಹತ್ತಿದರು.

ಬರೆದೆ. ನಿಧಿ ಗಣಿತ ಮಾಡುತ್ತಿದ್ದ ಮೇಜಿನ ಇನ್ನೊಂದು ತುದಿಯಲ್ಲಿ ಓದಿ, ಅವಳಿಂದ ಸ್ಪೆಲ್ಲಿಂಗ್ ತಿದ್ದಿಸಿಕೊಂಡು ಬರೆದೆ, ತೇರ್ಗಡೆಯಾದೆ. ಈಗ ನನ್ನ ಪಾಸ್‌ಪೋರ್ಟಿನಲ್ಲಿ ಕೆಲಸದ ಪರವಾನಗಿ ಇದೆ. ಪಂಗಾನಿಯ ಒಂದು ಸಣ್ಣ ಕಚೇರಿಗೆ ಎರಡು ಮಟಾಟು ಬದಲಿಸಿ ಹೋಗುತ್ತೇನೆ. ನಮ್ಮ ಊರುಗಳ ಮ್ಯಾಕ್ಸಿಕ್ಯಾಬಿಗೆ ಬಣ್ಣ ಬಳಿದು ಜೋರಾಗಿ ಹಾಡು ಹಾಕಿದರೆ ಮಟಾಟು. ಕಂಡಕ್ಟರ್ ನನ್ನನ್ನು ಗುರುತಿಸಿ ಮುಂದಿನ ಸೀಟು ಬಿಡಿಸಿಕೊಡುತ್ತಾನೆ.

ಕಳೆದ ರಜೆಯಲ್ಲಿ ಮೈಸೂರಿಗೆ ಹೋದಾಗ ನನ್ನ ಹಳೆಯ ಆಡಿಟರ್ ಕರೆದು, "ಬಾಮ್ಮ, ನಿನ್ನ ಕುರ್ಚಿ ಹಂಗೇ ಇದೆ" ಎಂದರು. ಸಂತೋಷವಾಯಿತು. ಬರುತ್ತೇನೆ ಎನ್ನಬೇಕೆನಿಸಿತು. ಆದರೆ ಬಾಯಿಂದ ಬಂದದ್ದು, "ಜೂನ್‌ನಲ್ಲಿ ಅಲ್ಲಿ ಇರಲೇಬೇಕು ಸರ್, ನಮ್ಮವರೆಲ್ಲ ಕಾಯ್ತಾರೆ." ನಮ್ಮವರು ಎಂದದ್ದನ್ನು ಅವರು ಗಮನಿಸಿದರೋ ಇಲ್ಲವೋ, ನಾನು ಮಾತ್ರ ಆಟೋ ಹತ್ತಿದ ಮೇಲೂ ಅದನ್ನೇ ಯೋಚಿಸುತ್ತಿದ್ದೆ. ನೈರೋಬಿಯ ತೆರಿಗೆಯವರಿಗೆ ನಾನು ನಿವಾಸಿ, ಮೈಸೂರಿನವರಿಗೆ ಅನಿವಾಸಿ. ಅವರಿಗಿರುವಷ್ಟು ಖಚಿತತೆ ನನಗೆ ಬಂದಿಲ್ಲ.

ಜೂನ್ ಸೌತ್ ಸಿಗೆ, ಜುಲೈ ಅಕ್ಕನಿಗೆ. ಊರಿನ ಗಡುವು ಸಾಮಾನ್ಯವಾಗಿ ಜುಲೈ ಕೊನೆಗೆ ಇರುವುದರಿಂದ ಅವಳ ಲೆಕ್ಕವನ್ನು ಈಗಲೂ ನಾನೇ ನೋಡುತ್ತೇನೆ. ಮೊನ್ನೆ ಸ್ವೆಟರ್ ಹಾಕಿಕೊಂಡು ಅವಳ ಜೊತೆ ಫೋನಿನಲ್ಲಿದ್ದೆ. ಅವಳು ಬಡ್ಡಿಯ ವಿವರ ಹುಡುಕುತ್ತಾ, "ಇದ್ದೀಯೇನೇ?" ಎಂದು ಕೇಳುವುದಕ್ಕೂ, ಗೇಟಿನಲ್ಲಿ ಮಾಮಾ ಸಲೀಮ್ "ಮಾಮಾ ನಿಧಿ" ಎಂದು ಕೂಗುವುದಕ್ಕೂ ಸರಿಹೋಯಿತು. ನಾನು ಫೋನಿಗೆ "ನಕುಜಾ" ಎಂದೆ. ಬರುತ್ತಿದ್ದೇನೆ ಎನ್ನುವ ಸ್ವಾಹಿಲಿ ಅದು. ಕಿಟಕಿಯತ್ತ ತಿರುಗಿ, "ಬಂದೆ, ಇರಿ" ಎಂದು ಕನ್ನಡದಲ್ಲಿ ಕೂಗಿದೆ. ಅಕ್ಕ ಫೋನಿನಲ್ಲಿ ಕಾದಳು. ಮಾಮಾ ಸಲೀಮ್ ಗೇಟಿನಲ್ಲಿ ಕಾದರು. ನಾನು ಫೋನು ಕಿವಿಗಿಟ್ಟುಕೊಂಡೇ ಬಾಗಿಲ ಕಡೆ ನಡೆದೆ.