ಅಕ್ಕೋರ ಕಾರಿನ ಸೋಮವಾರದ ಮಂಜು

2023ರ ಮಳೆಗಾಲದ ಹೊತ್ತಿಗೆ ನಾನು ಬೀದರಿನ ನೌಬಾದದಲ್ಲಿದ್ದುಕೊಂಡು, ಮನೆಬಾಗಿಲಿಗೆ ಹೋಗಿ ಹಳೆಯ ಸಣ್ಣ ಕಾರುಗಳ ಆರೈಕೆ ಮಾಡುವ ಕೆಲಸದಲ್ಲಿ ಎರಡು ವರ್ಷದ ಹಳಬನಾಗಿದ್ದೆ. ಹುದ್ದೆಗೊಂದು ಹೆಸರಿರಲಿ ಎಂದು ಅಂಗಿಯ ಜೇಬಿನ ಮೇಲೆ ‘ಡಿಟೇಲರ್’ ಎಂದು ಹೊಲಿಸಿಕೊಂಡಿದ್ದೆ. ಡಿಟೇಲಿಂಗ್ ಎಂದರೆ ಕಾರಿಗೆ ನೀರು ಹೊಯ್ಯುವುದಲ್ಲ. ಸೀಟು ಬಿಚ್ಚಿ ಒಳಗಿನ ಧೂಳು ಹೀರುವುದು, ಬಣ್ಣದ ಮೇಲಿನ ಗೀರು ತೀಡುವುದು, ರಬ್ಬರು, ಗಾಜು, ತಂತಿ ಎಲ್ಲವನ್ನೂ ಒಂದೊಂದಾಗಿ ನೋಡಿ ಸರಿಪಡಿಸುವುದು. ಇಷ್ಟನ್ನೂ ನಮ್ಮ ಓಣಿಯವರಿಗೆ ವಿವರಿಸಿದ ಮೇಲೆ ಅವರು ತಲೆಯಾಡಿಸಿ, “ಅಂದ್ರ ಕಾರ್ ತೊಳಿಯೋ ಹುಡ್ಗ” ಎನ್ನುತ್ತಿದ್ದರು. ನಮ್ಮವ್ವನೂ ಹಾಗೆಯೇ ಎನ್ನುತ್ತಾಳೆ. ನನಗೆ ಹೆಣ್ಣು ನೋಡಲು ಹೋದಾಗ ಮಾತ್ರ ‘ಇಂಜಿನಿಯರಿಂಗ್ ಲೈನ್’ ಎನ್ನುತ್ತಾಳೆ.

ನನ್ನ ಕೆಲಸದ ರೀತಿ ಸ್ವಲ್ಪ ಬೇರೆ. ಸಣ್ಣವನಿದ್ದಾಗಿನಿಂದ ನನಗೆ ಕಂಡವರನ್ನೆಲ್ಲ ಅಣಕಿಸುವ ಚಟ. ಸಾಲೆಯಲ್ಲಿ ಅದಕ್ಕೆ ಏಟು ಬೀಳುತ್ತಿತ್ತು. ಈಗ ಅದರಿಂದಲೇ ಹೊಟ್ಟೆ ತುಂಬುತ್ತದೆ. ಕಾರಿನಲ್ಲಿ ಏನು ಸಪ್ಪಳ ಬರುತ್ತದೆ ಎಂದು ಗಿರಾಕಿಯಿಂದ ಬಾಯಲ್ಲೇ ಮಾಡಿಸುತ್ತೇನೆ. ಅವರು ಮಾಡಿದ್ದನ್ನು ನಾನು ತಿರುಗಿ ಮಾಡಿ, “ಹೀಂಗೇನ್ರಿ?” ಎಂದು ಕೇಳುತ್ತೇನೆ. ಬೇರಿಂಗಿನ ಗುರ್ರು, ಬೆಲ್ಟಿನ ಕೀಂಯ್, ಸೈಲೆನ್ಸರಿನ ಕೆಮ್ಮು, ಎಲ್ಲಕ್ಕೂ ಬೇರೆ ಬೇರೆ ರಾಗ. ಅರ್ಧ ರೋಗ ಅಲ್ಲೇ ಸಿಕ್ಕಿಬಿಡುತ್ತದೆ. ಉಳಿದ ಅರ್ಧಕ್ಕೆ ಪಾನಾ, ಸ್ಕ್ರೂಡ್ರೈವರ್ ತೆಗೆಯಬೇಕು.

ಆ ಜುಲೈ ತಿಂಗಳ ಒಂದು ಭಾನುವಾರ ಭಾಲ್ಕಿಯಿಂದ ಕರೆ ಬಂತು. ಕರೆದವರು ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಶಿವಶರಣಪ್ಪ ಸಾವ್ಕಾರರು. ಕಾರು ಹದಿಮೂರು ವರ್ಷದ ಹಿಂದಿನದು, ಎಂಟುನೂರು ಸಿಸಿಯದು, ಬಿಳಿ ಬಣ್ಣದ್ದು. ನಾನು ವ್ಯಾಕ್ಯೂಮ್, ಬ್ರಷ್ಷು, ಪಾಲಿಶ್ ಡಬ್ಬಿಗಳನ್ನೆಲ್ಲ ಸ್ಕೂಟರಿಗೆ ಕಟ್ಟಿಕೊಂಡು ಹೋದೆ. ನನ್ನ ಗಾಡಿಯನ್ನು ದೂರದಿಂದ ನೋಡಿದವರು ಯಾರೋ ಮನೆ ಬದಲಾಯಿಸುತ್ತಿದ್ದಾರೆ ಎಂದುಕೊಳ್ಳಬೇಕು.

ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದ ಕಾರು ಥಳಥಳ ಹೊಳೆಯುತ್ತಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಹೊಳಪು ತರುವುದು ನಮ್ಮ ಕಡೆಯ ಹಳೆಯ ವಿದ್ಯೆ. ಹೊಳಪು ಒಂದು ದಿನ ಇರುತ್ತದೆ. ಬಾಗಿಲಿನ ರಬ್ಬರು ಮಾತ್ರ ಉಬ್ಬಿ ಕಾಯಂ ಹಾಳಾಗುತ್ತದೆ. ಬಾಗಿಲು ತೆಗೆದೆ. ಒಳಗಿನಿಂದ ಕೊಳೆತ ಗೋಣಿಚೀಲದ ವಾಸನೆ ಬಂತು. ಸೀಟುಗಳ ಮೇಲೆ ಶೋರೂಮಿನಲ್ಲಿ ಹೊದಿಸಿದ್ದ ಪ್ಲಾಸ್ಟಿಕ್ ಇನ್ನೂ ಇತ್ತು. ಕಾಲಡಿಯ ಮ್ಯಾಟಿನ ಕೆಳಗೂ ದಪ್ಪ ಪ್ಲಾಸ್ಟಿಕ್ ಹಾಳೆ.

“ಹದಿಮೂರು ವರ್ಷ ಆಯ್ತು, ಸೀಟಿಗಿ ಒಂದ್ ಕಲೆ ಬಿದ್ದಿಲ್ಲ ನೋಡು,” ಎಂದರು ಸಾವ್ಕಾರರು.

“ಸೀಟ್ ಇನ್ನೂ ಹೊರಗ ಬಂದೇ ಇಲ್ಲಲ್ರಿ, ಕಲೆ ಹ್ಯಾಂಗ ಬೀಳ್ತದ,” ಎಂದೆ. ಅವರು ನಗಲಿಲ್ಲ.

ಏನು ತೊಂದರೆ ಎಂದು ಕೇಳಿದೆ. ಸಪ್ಪಳ ಬರುತ್ತದೆ ಎಂದರು. ಬಾಯಲ್ಲಿ ಮಾಡಿ ತೋರಿಸಲು ಹೇಳಿದೆ. ಸಾವ್ಕಾರರು ಗಂಟಲು ಸರಿಮಾಡಿಕೊಂಡು, ಕಬ್ಬು ತುಂಬಿದ ಟ್ರ್ಯಾಕ್ಟರು ದಿಬ್ಬ ಏರುವ ಸಪ್ಪಳ ಮಾಡಿದರು. ಆ ಸಪ್ಪಳ ಈ ಕಾರಿನದಾಗಿದ್ದರೆ ಅದು ಆವತ್ತೇ ಎರಡು ತುಂಡಾಗಬೇಕಿತ್ತು. ನೀವು ಓಡಿಸಿದಾಗ ಹೀಗೆ ಬಂತೇ ಎಂದು ಕೇಳಿದೆ.

“ನಾ ಎಲ್ಲಿ ಓಡಿಸ್ತೇನಿ? ನನಗ ಅಂಗಡಿಗಿ ಹೋಗ್ಲಿಕ್ಕಿ ಬೈಕ್ ಅದ. ಓಡಿಸೋದು ನಮ್ಮ ಮನಿಯಾಕಿ. ಅದಕ್ಕೇ ಈ ಗತಿ ಆಗ್ಯಾದ.”

ಅವರ ಹೆಂಡತಿ ಸುವರ್ಣಾ ಅಕ್ಕೋರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಅವರ ಕೆಲಸ ಔರಾದ ತಾಲ್ಲೂಕಿನಲ್ಲಿ, ಠಾಣಾ ಕುಶನೂರಿನಿಂದ ಆಚೆಯ ಒಂದು ಹಳ್ಳಿಯ ಸಾಲೆಯಲ್ಲಿ. ಅಲ್ಲಿಗೆ ರೈಲಿಲ್ಲ, ಬಸ್ಸು ಒಂದು ಹಿಡಿದು, ಇನ್ನೊಂದಕ್ಕೆ ಕಾಯಬೇಕು. ನೌಕರಿ ಅಷ್ಟು ದೂರ ಸಿಕ್ಕಿದಾಗ ಅವರ ತಂದೆ ಮಗಳಿಗೆಂದೇ ಈ ಕಾರು ಕೊಡಿಸಿದ್ದರು. ಹೋದ ತಿಂಗಳು ಒಂದು ಬೆಳಿಗ್ಗೆ ಅಕ್ಕೋರು ಕುಶನೂರಿನ ಹತ್ತಿರ ಸೇತುವೆಯ ಕಲ್ಲಿಗೆ ಕಾರಿನ ಎಡಗಡೆ ಉಜ್ಜಿಸಿದ್ದರು. ಅಂದೇ ಸಾವ್ಕಾರರು ಚಾವಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಅಕ್ಕೋರಿಗೆ ಬಸ್ಸು. ಬಸ್ಸು ತಡವಾದರೆ ಮೊದಲ ಗಂಟೆ ಪಾಠ ಇಲ್ಲ. ಹೀಗೇ ಆದರೆ ಬೇರೆ ಕಡೆ ವರ್ಗ ಕೇಳಿಕೊಳ್ಳಿ ಎಂದು ಹೆಡ್ ಮಾಸ್ತರು ಹೇಳಿಯೂ ಆಗಿತ್ತು. ಇದನ್ನೆಲ್ಲ ಸಾವ್ಕಾರರೇ ನನಗೆ ಹೇಳಿದರು, ಹೆಂಡತಿಯ ತಪ್ಪುಗಳ ಪಟ್ಟಿ ಓದಿದ ಹಾಗೆ.

ಆಮೇಲೆ ದನಿ ತಗ್ಗಿಸಿದರು. “ಮುಂದಿನ ವಾರ ಕಾರ್ ಮಾರ್ತೇನಿ. ಬೀದರದಾಗ ಒಬ್ರಿಗಿ ಮಾತು ಕೊಟ್ಟೀನಿ. ನೀ ಚೊಲೋ ಹೊಳಪು ಹಚ್ಚು. ಮತ್ತ ನಮ್ಮಾಕಿಗಿ ಒಂದ್ ಮಾತು ಹೇಳು, ನಿಮ್ಮ ಓಡಿಸೋದ್ರಿಂದನೇ ಗಾಡಿ ಕೆಟ್ಟದ ಅಂತ. ನಾ ಹೇಳಿದ್ರ ಜಗಳ ಆಗ್ತದ. ನೀ ಹೊರಗಿನವ, ಕೇಳ್ತಾಳ.”

ನನಗೆ ಸಿಟ್ಟು ಬಂದದ್ದು ಆಗಲೇ. ಈ ಮಾತು ನನಗೆ ಹೊಸತಲ್ಲ. ಯಾವ ಗ್ಯಾರೇಜಿಗೆ ಹೋಗಿ ನಿಂತರೂ ಒಂದು ಸಿದ್ಧ ಉತ್ತರ ಇರುತ್ತದೆ. ಬಾನೆಟ್ ಎತ್ತುವ ಮೊದಲೇ ಮೇಸ್ತ್ರಿ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು, “ಲೇಡೀಸ್ ಚಲಾತೇ ಕ್ಯಾ ಸಾಬ್?” ಎನ್ನುತ್ತಾನೆ. ಗಿರಾಕಿ ಹೌದು, ಓಡಿಸುವುದು ಹೆಂಗಸರೇ ಎನ್ನುತ್ತಾನೆ. ಮೇಸ್ತ್ರಿ ತಿಳಿದವನಂತೆ ನಗುತ್ತಾನೆ. ಮುಗಿಯಿತು, ಪರೀಕ್ಷೆ ಆಯಿತು. ಈ ಕಾರಿನ ಮೇಲೂ ಬೀದರಿನ ಒಬ್ಬ ಮೇಸ್ತ್ರಿ ಇದೇ ವಿದ್ಯೆ ಪ್ರಯೋಗಿಸಿ ಕ್ಲಚ್ ಪ್ಲೇಟ್ ಬದಲಾಯಿಸಿದ್ದ. ಹನ್ನೆರಡು ವರ್ಷ ಬಾಳಿದ ಕ್ಲಚ್ ಪ್ಲೇಟ್ ಅದು. ಹನ್ನೆರಡು ವರ್ಷ ಅದನ್ನು ಬಾಳಿಸಿದ ಕಾಲು ಯಾರದು ಎಂದು ಒಬ್ಬನೂ ಕೇಳಿರಲಿಲ್ಲ.

ಹಾಗಂತ ನಾನೇನು ದೊಡ್ಡ ಜಾಣನ ಹಾಗೆ ಕೇಳಿದೆನೇ? ಇಲ್ಲ. ಹಲ್ಲು ಕಚ್ಚಿಕೊಂಡು ಸೀಟು ಬಿಚ್ಚಿದೆ. ಎಡಗಡೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ಟು ಹಿಂಡಿದರೆ ನೀರು ಸುರಿಯಿತು. ಪ್ಲಾಸ್ಟಿಕ್ಕಿನ ಕೆಳಗೆ ಸಿಕ್ಕಿದ ನೀರಿಗೆ ಒಣಗಲು ದಾರಿಯಿಲ್ಲದೆ ತಗಡಿಗೆ ತುಕ್ಕು ಹತ್ತಿ, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಅಂಗಳದ ಮಣ್ಣು ಕಾಣಿಸಿತು. ಎಸಿಯ ನೀರು ಹೋಗುವ ಕೊಳವೆ ಕಟ್ಟಿರಬೇಕು ಎಂದು ಊಹಿಸಿದೆ, ನೋಡಿದರೆ ಕೊಳವೆ ಚೊಕ್ಕವಾಗಿತ್ತು. ಬಾಗಿಲಿನ ಉಬ್ಬಿದ ರಬ್ಬರಿನ ಸಂದಿಯಿಂದ ಇರಬೇಕು ಎಂದೆ. ಬಾಗಿಲಿನ ಒಳಬದಿ ಒಣಗಿತ್ತು. ಅಂಗಿಯ ಮೇಲಿನ ‘ಡಿಟೇಲರ್’ ಅಕ್ಷರಗಳ ಮೇಲೆ ಬೆವರು ಇಳಿಯತೊಡಗಿತು.

ಅಕ್ಕೋರು ಚಹಾ ತಂದರು. ಕಪ್ಪು ಕೊಟ್ಟು ತಿರುಗಿ ಹೋಗುವವರಿದ್ದರು. ಕೇಳುವುದನ್ನು ಬಿಟ್ಟರೆ ನನಗೆ ಬೇರೆ ದಾರಿ ಉಳಿದಿರಲಿಲ್ಲ.

“ಅಕ್ಕೋರ, ಕಾರ್ ಹ್ಯಾಂಗ ಸಪ್ಪಳ ಮಾಡ್ತದ, ಜರಾ ಬಾಯಿಲೆ ಮಾಡಿ ತೋರಿಸ್ರಿ.”

ಅವರು ಒಮ್ಮೆ ಗಂಡನ ಕಡೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಸ್ಟೇರಿಂಗು ಹಿಡಿದರು. ಸ್ಟಾರ್ಟ್ ಆಗುವಾಗಿನ ಸಣ್ಣ ಕೆಮ್ಮು, ಮೊದಲ ಗೇರಿನ ನರಳಾಟ, ಎರಡನೆಯದಕ್ಕೆ ಬಿದ್ದಾಗಿನ ನಿಟ್ಟುಸಿರು, ಎಲ್ಲ ಬಂತು. ಆಮೇಲೆ ಎಡಕ್ಕೆ ವಾಲಿ, “ಗಳಕ್, ಗಳಗಳ, ಗಳಕ್” ಎಂದರು. “ತಿರುವಿನ್ಯಾಗ ಹೀಂಗ. ಕೊಡದಾಗ ನೀರು ತುಳುಕಿದಂಗ. ಬ್ಲೋವರ್ ಹಾಕಿದ್ರ ಫುಸ್ ಅಂತದ, ಮುಂದಿನ ಗಾಜಿನ ತುಂಬ ಮಂಜು. ಒಂದ್ ಕೈಲೆ ಒರೆಸ್ಕೋತ, ಒಂದ್ ಕೈಲೆ ಓಡಿಸ್ಬೇಕು. ಆವತ್ತು ಸೇತುವಿ ಕಾಣಲೇ ಇಲ್ಲ.”

ಇಷ್ಟು ವರ್ಷ ನಾನೊಬ್ಬನೇ ಕಲಾವಿದ ಎಂದುಕೊಂಡಿದ್ದೆ. ಜಿಲ್ಲೆಯಲ್ಲಿ ನನ್ನದು ಎರಡನೆಯ ಸ್ಥಾನ ಎಂದು ಆ ದಿನ ಗೊತ್ತಾಯಿತು.

“ದಿನಾ ಆಗ್ತದೇನ್ರಿ?”

“ದಿನಾ ಇಲ್ಲ. ಸೋಮಾರ. ಇವರು ಸೋಮಾರ ನಸುಕಿನ್ಯಾಗ ಪೈಪ್ ಹಿಡಿದು ಕಾರಿಗಿ ಸ್ನಾನ ಮಾಡಿಸ್ತಾರ, ಪೂಜಿ ಮಾಡ್ತಾರ. ಆವತ್ತು ಹೆಚ್ಚು. ಮಂಗಳಾರ ಕಡಿಮಿ. ಬುಧಾರ ಇರಂಗಿಲ್ಲ.”

“ಗ್ಯಾರೇಜಿನವ್ರಿಗಿ ಹೇಳಿಲ್ಲೇನು?”

“ಹೇಳ್ದೆ. ಅವರು ಇವರ ಮಾರಿ ನೋಡಿದ್ರು.”

ಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ ಜಾಲರಿಯಂಥ ಒಂದು ಜಾಳಿಗೆ ಇರುತ್ತದೆ. ಅದಕ್ಕೆ ಕೌಲ್ ಎನ್ನುತ್ತಾರೆ. ಗಾಜಿನ ಮೇಲಿಂದ ಇಳಿದ ನೀರು ಆ ಜಾಳಿಗೆಯೊಳಗೆ ಹೋಗಿ, ಎರಡು ಬದಿಯ ತೂತಿನಿಂದ ನೆಲಕ್ಕೆ ಬೀಳಬೇಕು. ಕಾರಿನೊಳಗೆ ಗಾಳಿ ಊದುವ ಬ್ಲೋವರ್ ಉಸಿರು ತೆಗೆದುಕೊಳ್ಳುವುದೂ ಅಲ್ಲಿಂದಲೇ. ತೂತು ಕಟ್ಟಿದರೆ ನೀರು ಬ್ಲೋವರ್ ಬಾಯಿಗೆ, ಅಲ್ಲಿಂದ ಎಡಗಡೆಯ ಕಾಲಡಿಗೆ. ಟಾರ್ಚ್ ಹಿಡಿದು ಜಾಳಿಗೆಯೊಳಗೆ ನೋಡಿದೆ. ಬೇವಿನ ಎಲೆ, ಚೆಂಡುಹೂವಿನ ಪಕಳೆ, ಬಿಲ್ವಪತ್ರಿ, ಊದುಬತ್ತಿ ಕಡ್ಡಿ. ಎಷ್ಟೋ ವರ್ಷದ ಸೋಮವಾರಗಳು ಅಲ್ಲಿ ಕೊಳೆತು ಕಪ್ಪು ಗೊಬ್ಬರವಾಗಿದ್ದವು. ಪೂಜೆಯ ಕಾಳು ಬಿದ್ದು ಜೋಳದ ಸಸಿಯೊಂದು ಬೆರಳುದ್ದ ಎದ್ದಿತ್ತು.

ಕೈ ಹಾಕಿ ತೆಗೆಯುವವನಿದ್ದೆ, ನಿಲ್ಲಿಸಿದೆ. ತೆಗೆದ ಮೇಲೆ ಹೇಳಿದರೆ ಅದು ನನ್ನ ಮಾತಾಗುತ್ತದೆ. ಸಾವ್ಕಾರರು ಹೊರಗಿನವನ ಮಾತು ಬೇಡಿದ್ದರು. ನನಗೆ ಅವರ ಕಾಲೇ ಸಾಕ್ಷಿ ಹೇಳಬೇಕಿತ್ತು. ಸೀಟನ್ನು ಮತ್ತೆ ಜಾಗದಲ್ಲಿಟ್ಟೆ.

“ಸಾವ್ಕಾರ್ರ, ಎಡಗಡಿ ಕೂಡ್ರಿ. ಅಕ್ಕೋರ, ನೀವು ಪೈಪ್ ಹಿಡೀರಿ. ಸಾವ್ಕಾರ್ರು ಸೋಮಾರ ಹ್ಯಾಂಗ ಹೊಯ್ತಾರ, ಹಂಗೇ.”

“ನನಗ್ಯಾಕ ಕೂಡಿಸ್ತಿ?” ಎಂದರು ಸಾವ್ಕಾರರು.

“ಸಪ್ಪಳ ಕೇಳ್ಲಿಕ್ರಿ. ನೀವು ಮಾಡಿ ತೋರಿಸಿದ್ದು ಟ್ರ್ಯಾಕ್ಟರಿಂದು.”

ಅವರು ಕೂತರು. ಪ್ಲಾಸ್ಟಿಕ್ ತೆಗೆದ ಸೀಟಿನ ಮೇಲೆ ಅವರು ಕೂತದ್ದು ಅದೇ ಮೊದಲಿರಬೇಕು; ಬಟ್ಟೆಯನ್ನು ಎರಡು ಸಲ ಸವರಿ ನೋಡಿದರು. ಅಕ್ಕೋರು ಗಾಜಿನ ಮೇಲೆ ನೀರು ಬಿಟ್ಟರು. ಅವರಿಗೆ ಯಾವ ಅವಸರವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸಾವ್ಕಾರರು ಒಂದು ಕಾಲು ಮೇಲೆ ಎತ್ತಿದರು, ಆಮೇಲೆ ಇನ್ನೊಂದು. ನಾನು ಚಾವಿ ತಿರುವಿ ಬ್ಲೋವರ್ ಹಾಕಿದೆ. ಡ್ಯಾಶ್‌ಬೋರ್ಡಿನ ಕಿಂಡಿಯಿಂದ ಚೆಂಡುಹೂವಿನ ಕೊಳೆತ ವಾಸನೆಯ ತುಂತುರು ಸೀದಾ ಅವರ ಮುಖಕ್ಕೆ ಬಂತು. ಮುಂದಿನ ಗಾಜು ಅಂಚಿನಿಂದ ಅಂಚಿಗೆ ಬೆಳ್ಳಗಾಯಿತು. ಒಳಗಿನಿಂದ ಅವರಿಗೆ ಪೈಪು ಹಿಡಿದ ಹೆಂಡತಿ ಕಾಣಿಸಲಿಲ್ಲ.

“ಈಗ ಸೇತುವಿ ಎಲ್ಲಿ ಅದ ಹೇಳ್ರಿ,” ಎಂದೆ.

ಇಳಿದು ಬಂದ ಸಾವ್ಕಾರರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಈಗ ತಪ್ಪಾಯಿತು ಎನ್ನುತ್ತಾರೆ, ಒಂದು ಮೆಚ್ಚುಗೆಯ ಮಾತೂ ಸಿಗುತ್ತದೆ ಎಂದು ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅವರು ಅಂದದ್ದು ಇಷ್ಟು: “ಆಯ್ತು, ತೂತು ಸಾಫ್ ಮಾಡು. ಮಾರೋದಂತೂ ಮಾರೋದೇ. ಮಾತು ಕೊಟ್ಟೀನಿ.”

ನನ್ನ ನಾಲಿಗೆ ಅಲ್ಲಿ ನನ್ನ ಕೈ ಮೀರಿತು. ಸಾವ್ಕಾರರ ದನಿಯಲ್ಲೇ, ಅವರ ಹಾಗೆಯೇ ಹೊಟ್ಟೆ ಮುಂದೆ ಮಾಡಿ ಅಂದೆ: “ನೀರು ಹೊಯ್ದಾವ ನಾ. ಪ್ಲಾಸ್ಟಿಕ್ ಹಾಸ್ದಾವ ನಾ. ಡೀಸೆಲ್ ಒರೆಸ್ದಾವ ನಾ. ಆದ್ರ ಗಾಡಿ ಕೆಡಿಸ್ದಾಕಿ ನಮ್ಮ ಮನಿಯಾಕಿ.”

ಸಾವ್ಕಾರರ ಕಿವಿ ಕೆಂಪಾದವು. ಅಕ್ಕೋರು ನಗಲಿಲ್ಲ. ನಲ್ಲಿ ಬಂದ್ ಮಾಡಿ, ಪೈಪು ಸುತ್ತಿಟ್ಟು ಬಂದರು.

“ಕಾರ್ ನಮ್ಮಪ್ಪ ನನಗ ಕೊಟ್ಟದ್ದು,” ಎಂದರು ಗಂಡನಿಗೆ. “ನೀವು ಯಾರಿಗರೇ ಮಾತು ಕೊಟ್ಟಿದ್ರ ನಿಮ್ಮ ಬೈಕ್ ಕೊಡ್ರಿ. ನನಗ ನಾಳಿ ಮೊದಲ ಗಂಟಿ ಐದನೇ ಕ್ಲಾಸಿನವ್ರಿಗಿ ಗಣಿತ ಅದ.”

ಆಮೇಲೆ ನನ್ನ ಮುಂದೆ ಕೈ ಚಾಚಿದರು. ಸಾವ್ಕಾರರು ಕೆಲಸಕ್ಕೆಂದು ಕೊಟ್ಟಿದ್ದ ಚಾವಿ ನನ್ನ ಬಳಿ ಇತ್ತು. ಕೊಟ್ಟವರಿಗೇ ಚಾವಿ ವಾಪಸ್ ಕೊಡಬೇಕು ಎನ್ನುವುದು ನಮ್ಮ ವೃತ್ತಿಯ ಮೊದಲ ನಿಯಮ. ಸಾವ್ಕಾರರು ಅದನ್ನೇ ನೆನಪಿಸಿದರು. “ಏ ತಮ್ಮಾ, ಕೆಲಸಕ್ಕ ಕರೆದಾವ ನಾ.”

“ಹೌದ್ರಿ,” ಎಂದೆ. “ಬಿಲ್ ನಿಮಗ ಕೊಡ್ತೇನಿ. ಚಾವಿ ಅಕ್ಕೋರಿಗಿ.”

ಕೊಟ್ಟೆ. ಸಾವ್ಕಾರರು ಮುಂದೆ ಬರಲಿಲ್ಲ. ಒದ್ದೆ ಚಪ್ಪಲಿ ಚಪ್ ಚಪ್ ಎನ್ನಿಸುತ್ತ ಒಳಗೆ ಹೋದರು.

ಅವತ್ತು ಸಂಜೆಯೊಳಗೆ ಜಾಳಿಗೆ ಬಿಚ್ಚಿ ಎರಡೂ ತೂತು ತೆರೆದೆ. ಕಾರ್ಪೆಟ್ಟು, ಪ್ಲಾಸ್ಟಿಕ್ಕು ಎರಡನ್ನೂ ಹೊರಗೆ ಹಾಕಿದೆ. ತುಕ್ಕು ತಿಂದ ಜಾಗಕ್ಕೆ ತಾತ್ಕಾಲಿಕ ತಗಡು ಕೂಡಿಸಿ, ಎಡಗಡೆ ಯಾರೂ ಕೂಡಬೇಡಿ ಎಂದು ಹೇಳಿದೆ. ಮುಂದಿನ ಭಾನುವಾರ ಭಾಲ್ಕಿಯ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ತಗಡು ಬೆಸೆಯಿಸಿ, ತುಕ್ಕು ತಡೆಯುವ ಬಣ್ಣ ಹಚ್ಚಿದೆ. ಬಾಗಿಲ ಮೇಲಿನ ಸೇತುವೆಯ ಗೀರನ್ನೂ ತೀಡಿ ತೆಗೆಯುತ್ತೇನೆ ಎಂದಾಗ ಅಕ್ಕೋರು ಬೇಡ ಎಂದರು. “ಇರ್ಲಿ ಬಿಡು. ಇವರು ದಿನಾ ನೋಡ್ಲಿ.”

ಚಾವಿ ಸಿಕ್ಕ ಮರುದಿನವೇ, ಸೋಮವಾರ, ಅಕ್ಕೋರು ಕಾರಿನಲ್ಲೇ ಸಾಲೆಗೆ ಹೋದರು, ಇಂದಿಗೂ ಹೋಗುತ್ತಿದ್ದಾರೆ. ಸಾವ್ಕಾರರು ಬಿಲ್ಲು ಪೂರ್ತಿ ಕೊಟ್ಟರು, ಆದರೆ ನನ್ನನ್ನು ಮತ್ತೆ ಕರೆಯಲಿಲ್ಲ. ‘ಆ ಹುಡ್ಗ ಮನಿ ಒಡಿಯಾವ’ ಎಂದು ಭಾಲ್ಕಿಯಲ್ಲಿ ನನ್ನ ಪ್ರಚಾರ ಪುಕ್ಕಟೆ ಮಾಡುತ್ತಿದ್ದಾರೆ. ಆ ಬೀದರಿನ ಮೇಸ್ತ್ರಿ ಈಗಲೂ ಕಡ್ಡಿ ಕಚ್ಚಿಕೊಂಡು ಅದೇ ಪ್ರಶ್ನೆ ಕೇಳುತ್ತಾನೆ. ಅವನಿಗೆ ಯಾವ ನಷ್ಟವೂ ಆಗಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಕಾರು ನನಗೆ ಕಲಿಸಿದ್ದು ಪಾಲಿಶಿನ ವಿದ್ಯೆಯಲ್ಲ. ಹಣ ಕೊಡುವವರ ಮುಖ ನೋಡಿ ರೋಗ ಹೇಳಿದರೆ ಸೇತುವೆಯ ಕಲ್ಲಿಗೆ ಹೋಗಿ ಗುದ್ದುವುದು ಬೇರೆಯವರು. ಅದಕ್ಕೆ ಈಗ ಯಾರದೇ ಬಾಗಿಲಿಗೆ ಹೋದರೂ ಮೊದಲು ಓಡಿಸುವವರನ್ನು ಕರೆಸುತ್ತೇನೆ. ಹೋದ ತಿಂಗಳು ಔರಾದದಲ್ಲಿ ಒಬ್ಬರು ಸೊಸೆಯ ಕಾರಿನ ದೂರು ಶುರುಮಾಡಿದರು. ಸೊಸೆಯನ್ನೇ ಕರೆಯಿರಿ ಎಂದೆ. “ಆಕಿಗೇನ್ ತಿಳೀತದ? ನಾ ಹೇಳ್ತೇನಲ್ಲ. ಆಕಿ ಬ್ಯಾಂಕಿಗಿ ಹೋಗ್ಯಾಳ, ಬರ್ಲಿಕ್ಕಿ ಸಂಜಿ ಆಗ್ತದ,” ಎಂದರು.

“ಆಗ್ಲಿ ಬಿಡ್ರಿ,” ಎಂದು ನಾನು ಕಟ್ಟೆಯ ಮೇಲೆ ಕೂತೆ.