ಪಾರಣೆ ಯಾವಾಗ, ಡಾಕ್ಟರೇ?

"ಡಾಕ್ಟರ್ರೀ, ನಾ ಚಹಾ ಯಾವಾಗ ಕುಡೀಲಿ?"

ಕೇಳಿದವಳು ನನ್ನ ಹೆಂಡತಿ ಸುಧಾ. ಕಲಬುರಗಿಯ ಆ ಡಾಕ್ಟರು ಗಲಿಬಿಲಿಯಾಗಿ ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಯಾಕೆಂದರೆ ಪೇಷಂಟ್ ಅವಳಲ್ಲ, ನಾನು!

ಹಿನ್ನೆಲೆ ಹೇಳಿಬಿಡುತ್ತೇನೆ. ಹೋದ ವರ್ಷ ನನ್ನ ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. (ಈ ಅಂಕಣ ಕೆಲವು ವಾರ ನಿಂತದ್ದು ಅದಕ್ಕೇ.) ಕೆರೆದು ತೆಗೆದರು. ಆಮೇಲೆ ವಾರಕ್ಕೊಮ್ಮೆ ಮೂತ್ರಕೋಶದೊಳಗೆ ಬಿಸಿಜಿ ಬಿಟ್ಟರು. ಹೌದು, ಕೂಸುಗಳ ತೋಳಿಗೆ ಚುಚ್ಚುವ ಅದೇ ಬಿಸಿಜಿ! ಕ್ಷಯದ ಲಸಿಕೆಗೆ ಅಲ್ಲೇನು ಕೆಲಸ? ಚಿತ್ತಾಪುರದ ಮಕ್ಕಳಿಗೆ ಜೀವಮಾನವಿಡೀ ವಿಜ್ಞಾನ ಕಲಿಸಿದ ನನಗೂ ಇದು ಗೊತ್ತಿರಲಿಲ್ಲ. ಅದು ಒಳಗಿನ ರೋಗನಿರೋಧಕ ಶಕ್ತಿಯನ್ನು ಕೆರಳಿಸಿ ಕ್ಯಾನ್ಸರಿನ ಮೇಲೆ ಛೂ ಬಿಡುತ್ತದಂತೆ.

ಆಗಲೇ ಸುಧಾ ದೇವರ ಮುಂದೆ ಕೈಮುಗಿದು ಹೇಳಿದ್ದಳು: "ಇವರು ಗುಣ ಆಗೋ ತನಕ ನಾ ಚಹಾ ಮುಟ್ಟಂಗಿಲ್ಲ."

ಚಹಾ ಅಂದರೆ ಅವಳಿಗೆ ಜೀವ. ಆದರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮಂಥ ವೈಷ್ಣವರ ಮನೆಯಲ್ಲಿ ಬಿಡುವುದೇನು ಹೊಸದೇ? ಚಾತುರ್ಮಾಸದಲ್ಲಿ ಒಂದು ತಿಂಗಳು ತರಕಾರಿ ಬಿಡುತ್ತೇವೆ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು. ಏಕಾದಶಿಗೆ ಊಟವನ್ನೇ ಬಿಟ್ಟು, ಮರುದಿನ ಬೆಳಿಗ್ಗೆ ಪಾರಣೆ ಮಾಡಿ ಉಣ್ಣುತ್ತೇವೆ. ಪ್ರತಿ ವ್ರತಕ್ಕೂ ಮುಗಿಯುವ ದಿನವೊಂದು ಇರುತ್ತದೆ.

ಚೆಕಪ್‌ಗೆ ಇಲ್ಲ!

ಮೂರು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗುತ್ತೇವೆ. ಡಾಕ್ಟರು ಮೂತ್ರದ ದಾರಿಯಲ್ಲೇ ಸಣ್ಣ ಕೊಳವೆ ಇಳಿಸಿ ಕ್ಯಾಮೆರಾದಲ್ಲಿ ನೋಡುತ್ತಾರೆ. ಮೊದಲ ಸಲ ಹೆದರಿ ಕಣ್ಣುಮುಚ್ಚಿದ್ದೆ. ಈಗ "ಸ್ಕ್ರೀನ್ ಸ್ವಲ್ಪ ಈ ಕಡಿ ತಿರುಗಸ್ರಿ" ಎನ್ನುತ್ತೇನೆ. ನನ್ನ ಒಳಗನ್ನು ನಾನೇ ನೋಡದಿದ್ದರೆ ಹೇಗೆ? ನಸುಗೆಂಪು ಗೋಡೆ, ಎಳೆ ಎಳೆ ರಕ್ತನಾಳ. ಚೆಂದವೇ ಇದೆ! ಕೊನೆಗೆ ಡಾಕ್ಟರ ಮಾತು ಒಂದೇ: "ಸದ್ಯ ಏನೂ ಇಲ್ಲ. ಮೂರು ತಿಂಗಳ ಬಿಟ್ಟು ಬರ್ರಿ." ಗುಣವಾಯಿತು ಎಂಬ ಮಾತು ಅವರ ಬಾಯಿಂದ ಹೊರಡುವುದೇ ಇಲ್ಲ. ಸುಧಾಳ ಹರಕೆಯೂ ಮುಗಿಯುವುದಿಲ್ಲ.

ಈ ಸಲವಂತೂ 'ಏನೂ ಇಲ್ಲ' ಕೂಡ ಬರಲಿಲ್ಲ. ಗೋಡೆಯ ಮೇಲೊಂದು ಕೆಂಪು ಕಲೆ ಕಂಡಿತು.

"ಬಿಸಿಜಿ ಔಷಧದಿಂದ ಆದ ಬಾವು ಇರಬಹುದು ಸರ್, ತಿರುಗಿ ಬಂದದ್ದೂ ಇರಬಹುದು. ಬರೇ ನೋಡಿ ಹೇಳಾಕ ಆಗಂಗಿಲ್ಲ. ಚೂರು ತಗದು ಬಯಾಪ್ಸಿಗೆ ಕಳಸೋಣ" ಎಂದರು ಡಾಕ್ಟರು.

ರಿಪೋರ್ಟ್ ಬರುವ ತನಕ ನನ್ನ ಕುತೂಹಲವೆಲ್ಲ ಮಂಗಮಾಯ. ಊಟ ಸೇರಲಿಲ್ಲ. ಭಾಳ ಹೆದರಿದ್ದೆ. ಸುಳ್ಳೇಕೆ ಹೇಳಲಿ?

ಮೊನ್ನೆ ರಿಪೋರ್ಟ್ ಬಂತು. ಬರೀ ಬಾವು, ಕ್ಯಾನ್ಸರ್ ಇಲ್ಲ. ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ಸುಧಾ ಆ ಚಹಾದ ಪ್ರಶ್ನೆ ಎತ್ತಿದ್ದು. ಹರಕೆಯ ಕಥೆ ಕೇಳಿ ಡಾಕ್ಟರು ನಕ್ಕರು.

"ಅಮ್ಮಾ, ಪೂರಾ ಗುಣ ಅಂತ ನಾ ಈಗ ಹೇಳಂಗಿಲ್ರಿ. ಇದು ತಿರುಗಿ ಬರೋ ಜಾತೀದು. ವರ್ಷಗಟ್ಟಲೆ ನೋಡಕೋತನೇ ಇರಬೇಕು."

"ಹಂಗಾರ ಪಾರಣಿ ಯಾವಾಗ್ರಿ?"

ಡಾಕ್ಟರು ಮುಂದಿನ ಚೆಕಪ್ಪಿನ ತಾರೀಕು ಬರೆದು ಚೀಟಿ ನನ್ನ ಕೈಗಿಟ್ಟರು.

ಚಿತ್ತಾಪುರಕ್ಕೆ ಮರಳುವಾಗ ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಲು ಕೂತಿದ್ದೆವು. ಚಹಾದವನು ಬಂದ. "ಎರಡು ಕೊಡಪಾ" ಎಂದಳು ಸುಧಾ. ನಾನು ದಂಗಾದೆ.

"ಗುಣ ಆಗೇದಂತ ಡಾಕ್ಟರ್ ಎಲ್ಲಿ ಹೇಳ್ಯಾರ?"

"ಅವರು ಹೇಳಂಗಿಲ್ಲ ಬಿಡ್ರಿ. ಚಾತುರ್ಮಾಸ ವರ್ಷಾ ಬರ್ತದ. ಹಂಗಂತ ಉಳದ ತಿಂಗಳದಾಗ ಹಾಲು ಕುಡಿಯಂಗಿಲ್ಲೇನು?" ಒಂದು ಗುಟುಕು ಕುಡಿದು ಕಣ್ಣುಮುಚ್ಚಿದಳು. "ಮುಂದಿನ ಚೆಕಪ್ ಹತ್ರ ಬಂದಾಗ ಮತ್ತ ಬಿಡ್ತೀನಿ. ದೇವರಿಗೆ ಹೇಳೀನಿ."

ಮುಂದಿನ ಚೆಕಪ್ ತನಕ ಚಹಾ ಕುಡಿಯುತ್ತ ಇರುವುದು. ಎಲ್ಲರ ಬದುಕೂ ಅಷ್ಟೇ ತಾನೇ? ನನಗಾದರೆ ಡಾಕ್ಟರು ತಾರೀಕು ಬರೆದುಕೊಟ್ಟಿದ್ದಾರೆ. ನಿಮಗೆ?